ಸುಂಕದ ಕಟ್ಟೆಯಿಂದ ವಿಮಾನದ ಬಾಗಿಲಿಗೆ

(ಬಾನುಲಿ ಭಾಷಣ)



“ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ” ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ಆ ಗಾದೆ ಹುಟ್ಟಿದ ಕಾಲದ ಸುಂಕದ ಕಟ್ಟೆಗಳು ಇಂದು ಇಲ್ಲ. ಬೆಂಗಳೂರಿನ ಸುಂಕದಕಟ್ಟೆಯಂತಹ ಕೆಲವು ಸ್ಥಳಗಳ ಹೆಸರಿನಲ್ಲಿ ಮಾತ್ರ ಅವುಗಳ ನೆನಪು ಉಳಿದಿದೆ. ಆದರೆ ಗಾದೆ ಸತ್ತಿಲ್ಲ. ಹೆಗಲ ಮೇಲೊಂದು ಗಂಟು ಹೊತ್ತು ಹೊರಟ ದಾರಿಹೋಕನನ್ನು ತಡೆದು, “ಗಂಟಿನಲ್ಲೇನಿದೆ? ಬಿಚ್ಚು” ಎಂದು ಕೇಳುವ ಪದ್ಧತಿ ನಮ್ಮಲ್ಲಿ ಸುಮಾರು ಎರಡು ಸಾವಿರ ವರ್ಷಗಳಿಂದ ನಡೆದುಬಂದಿದೆ. ಊರ ಬಾಗಿಲು, ಘಟ್ಟದ ತಲೆ, ಹೊಳೆಯ ಕಡವು, ಹಡಗಿನ ಕಟ್ಟೆ ಇವುಗಳನ್ನೆಲ್ಲ ದಾಟಿ ಅದೀಗ ವಿಮಾನ ನಿಲ್ದಾಣದ ತಪಾಸಣೆಯ ಬಾಗಿಲಿಗೆ ಬಂದು ನಿಂತಿದೆ. ಆ ದೀರ್ಘವಾದ ಚರಿತ್ರೆಯ ಕೆಲವು ಪುಟಗಳನ್ನು ಈ ಹೊತ್ತು ನಿಮ್ಮ ಮುಂದೆ ತೆರೆಯಬೇಕೆಂದಿದ್ದೇನೆ.

ಈ ವಿಷಯವನ್ನು ನಾನು ಯೋಚಿಸತೊಡಗಿದುದು ಗ್ರಂಥಗಳಿಂದಲ್ಲ, ಒಂದು ಅಡಕತ್ತರಿಯಿಂದ. ಬೇಲೂರು ತಾಲ್ಲೂಕಿನ ಅರೇಹಳ್ಳಿಯಲ್ಲಿ ನನ್ನ ಸೋದರತ್ತೆಯ ಮನೆಯಿದೆ. ಕಾಫಿಯ ತೋಟಗಳೂ ಮೆಣಸಿನ ಬಳ್ಳಿಗಳೂ ಸುತ್ತುವರಿದ ಊರು ಅದು. ಕೆಲವು ವರ್ಷಗಳ ಹಿಂದೆ ಅತ್ತೆ ತಮ್ಮ ಮಗಳ ಬಾಣಂತನಕ್ಕೆಂದು ಸಮುದ್ರದಾಚೆಯ ದೇಶಕ್ಕೆ ಹೊರಟರು. ಅವರು ವಿಮಾನ ಹತ್ತಿದುದು ಅದೇ ಮೊದಲು. ದೊಡ್ಡ ಪೆಟ್ಟಿಗೆಗಳನ್ನು ಮನೆಯ ಇತರರು ತುಂಬಿದರು. ಕೈಚೀಲವನ್ನು ಅಣಿಮಾಡುವ ಕೆಲಸ ನನ್ನ ಪಾಲಿಗೆ ಬಂದಿತು. ಮನೆಯಲ್ಲಿಯೇ ಹುರಿದು ಪುಡಿಮಾಡಿದ ಕಾಫಿ, ಒಂದು ಡಬ್ಬಿ ತುಪ್ಪ, ಬಾಣಂತಿಗೆಂದು ಕಾಯಿಸಿದ ಲೇಹ್ಯ, ಮಡಿಲು ತುಂಬುವುದಕ್ಕೆ ಎರಡು ಕೊಬ್ಬರಿ ಬಟ್ಟಲು, ಇವುಗಳ ಮೇಲೆ ಅತ್ತೆಯ ಎಲೆಅಡಿಕೆಯ ಸಂಚಿ. ಸಂಚಿಯೊಳಗೆ ಅವರ ತಾಯಿ, ಎಂದರೆ ನನ್ನ ಅಜ್ಜಿ, ಬಳಸುತ್ತಿದ್ದ ಹಿತ್ತಾಳೆಯ ಹಿಡಿಯ ಅಡಕತ್ತರಿ. ದಾರಿಯಲ್ಲಿ ಕೈಗೆ ಸುಲಭವಾಗಿ ಸಿಗಲೆಂದು ಅದನ್ನು ನಾನೇ ಮೇಲಕ್ಕಿಟ್ಟೆ.

ನಿಲ್ದಾಣ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಒಳಗೆ ನಡೆದುದನ್ನು ಅತ್ತೆ ಹಿಂದಿರುಗಿ ಬಂದ ಮೇಲೆ ಹೇಳಿದರು. ಯಂತ್ರದ ಆಚೆ ಕೈಚೀಲವನ್ನು ಬದಿಗೆ ತೆಗೆದಿಟ್ಟರು. ಹಿಂದೆ ಸಾಲುಗಟ್ಟಿ ನಿಂತಿದ್ದವರೆಲ್ಲರ ಎದುರಿನಲ್ಲಿ ಒಂದೊಂದಾಗಿ ಬಿಚ್ಚಿದರು. ತುಪ್ಪ ಸಲ್ಲದೆಂದರು, ಲೇಹ್ಯ ಸಲ್ಲದೆಂದರು, ಕೊಬ್ಬರಿ ಸಲ್ಲದೆಂದರು. ಕಡೆಗೆ ಅಡಕತ್ತರಿ ಕೈಗೆ ಬಂದಿತು. “ಹೊರಗೆ ನಿಮ್ಮವರು ಯಾರಾದರೂ ಇದ್ದರೆ ಕೊಟ್ಟು ಬನ್ನಿ, ಅಮ್ಮಾ” ಎಂದು ಅಲ್ಲಿನ ಹೆಣ್ಣುಮಗಳು ಸೌಜನ್ಯದಿಂದಲೇ ಹೇಳಿದಳಂತೆ. ನಾನು ಅಷ್ಟರಲ್ಲಿ ಊರಿನ ದಾರಿ ಹಿಡಿದಿದ್ದೆ. ಅಡಕತ್ತರಿ ಅಲ್ಲಿನ ಡಬ್ಬಿಯೊಂದರಲ್ಲಿ ಬಿದ್ದಿತು. “ಈ ಚೀಲ ತುಂಬಿದವರು ಯಾರು ಅಂತ ಕೇಳಿದಳು ಕಣಪ್ಪ. ನನ್ನ ಅಣ್ಣನ ಮಗ, ಓದಿದವನು ಅಂದೆ” ಎಂದರು ಅತ್ತೆ. ಅವರ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಅಧಿಕಾರಿಯನ್ನು ನಾನು ದೂರುವಂತಿರಲಿಲ್ಲ. ಆಕೆ ತನ್ನ ಕರ್ತವ್ಯವನ್ನು ಮಾಡಿದ್ದಳು. ಅತ್ತೆಯದಂತೂ ತಪ್ಪೇನೂ ಇರಲಿಲ್ಲ. ಹಾಗಾದರೆ ಒಂದು ಅಡಕತ್ತರಿ, ಒಂದು ಡಬ್ಬಿ ತುಪ್ಪ, ಎರಡು ಕೊಬ್ಬರಿ ಬಟ್ಟಲು ವಿಮಾನದ ಬಾಗಿಲಿನಲ್ಲಿ ಏಕೆ ನಿಷಿದ್ಧವಾದವು? ಈ ಪ್ರಶ್ನೆಯನ್ನು ಹಿಡಿದು ಹಿಂದಕ್ಕೆ ಹೋದಾಗ ನನಗೆ ಮೊದಲು ದೊರೆತುದು ನಮ್ಮ ಹಾಸನ ಜಿಲ್ಲೆಯವರೇ ಬೆಳಕಿಗೆ ತಂದ ಒಂದು ಗ್ರಂಥ.

ಕಾವೇರಿಯ ದಡದ ರುದ್ರಪಟ್ಟಣದಲ್ಲಿ ಹುಟ್ಟಿದ ಆರ್. ಶಾಮಶಾಸ್ತ್ರಿಗಳು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದಾಗ, 1905ರಲ್ಲಿ, ತಾಳೆಗರಿಯ ಕಟ್ಟೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಮೂಲವನ್ನೂ 1915ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ಶುಲ್ಕಾಧ್ಯಕ್ಷನ ಪ್ರಕರಣವೊಂದಿದೆ. ಪಟ್ಟಣದ ಹೆಬ್ಬಾಗಿಲ ಬಳಿ ಸುಂಕದ ಮನೆಯನ್ನು ಕಟ್ಟಿ ಅದರ ಮೇಲೆ ಧ್ವಜವನ್ನು ನಿಲ್ಲಿಸಬೇಕು. ನಾಲ್ಕೋ ಐದೋ ಜನ ಸುಂಕದವರು ಅಲ್ಲಿದ್ದು, ಬಂದ ವರ್ತಕರು ಯಾರು, ಎಲ್ಲಿಂದ ಬಂದರು, ಸರಕೆಷ್ಟು, ಅದಕ್ಕೆ ಮುದ್ರೆ ಬಿದ್ದುದು ಎಲ್ಲಿ ಎಂಬುದನ್ನು ಬರೆದುಕೊಳ್ಳಬೇಕು. ಮುದ್ರೆಯಿಲ್ಲದ ಗಂಟಿಗೆ ಎರಡರಷ್ಟು ಸುಂಕ; ಕಳ್ಳಮುದ್ರೆಗೆ ಎಂಟರಷ್ಟು ದಂಡ. ಇಂದು ಚೀಲಕ್ಕೆ ಚೀಟಿ ಕಟ್ಟಿ, ತಪಾಸಣೆಯಾದುದಕ್ಕೆ ಗುರುತುಹಾಕುವ ಪದ್ಧತಿಯನ್ನು ನೋಡಿದವರಿಗೆ ಇದು ಅಪರಿಚಿತವೆನಿಸಲಾರದು.

ಗಡಿಯ ಅಧಿಕಾರಿಯಾದ ಅಂತಪಾಲನು ದಾರಿಯ ಸುಂಕವನ್ನು ಎತ್ತುತ್ತಿದ್ದನು. ಸರಕಿನ ಬಂಡಿಗೆ ಒಂದೂಕಾಲು ಪಣ; ಮನುಷ್ಯ ಹೆಗಲ ಮೇಲೆ ಹೊತ್ತ ಹೊರೆಗೆ ಒಂದು ಮಾಷ. ಪಣಕ್ಕೆ 16 ಮಾಷದ ಲೆಕ್ಕ ಹಿಡಿದರೆ ಬಂಡಿಯವನು ಹೆಗಲ ಹೊರೆಯವನ ಇಪ್ಪತ್ತರಷ್ಟನ್ನು ಕೊಡುತ್ತಿದ್ದನೆಂದಾಯಿತು. ಹೆಗಲ ಗಂಟು ಬಡವನ ಗಂಟೆಂಬ ವಿವೇಕ ಇಲ್ಲಿ ಕಾಣುತ್ತದೆ. ಇದಕ್ಕಿಂತ ದೊಡ್ಡದಾದ ಇನ್ನೊಂದು ಮಾತು ಅದರ ಬೆನ್ನಿಗೇ ಇದೆ: ದಾರಿಯಲ್ಲಿ ಕಳೆದುದನ್ನೂ ಕಳುವಾದುದನ್ನೂ ಅಂತಪಾಲನೇ ತುಂಬಿಕೊಡಬೇಕು. ಗಂಟನ್ನು ಬಿಚ್ಚಿಸುವ ಅಧಿಕಾರ ಉಳ್ಳವನಿಗೆ ಗಂಟನ್ನು ಕಾಯುವ ಹೊಣೆಯೂ ಉಂಟೆಂದು ಇದರ ಅರ್ಥ.

ಅರ್ಥಶಾಸ್ತ್ರದಲ್ಲಿ ನಿಷಿದ್ಧ ವಸ್ತುಗಳ ಪಟ್ಟಿಯೂ ಇದೆ. ಶಸ್ತ್ರ, ಕವಚ, ಲೋಹ, ರಥ, ರತ್ನ, ಧಾನ್ಯ, ಪಶು ಇವುಗಳಲ್ಲಿ ಹೊರಗೆ ಒಯ್ಯಕೂಡದೆಂದು ವಿಧಿಸಿದುದನ್ನು ಒಯ್ದರೆ ಸರಕು ಹೋಯಿತು, ದಂಡವೂ ಬಿದ್ದಿತು. ಆದರೆ ಆ ದಂಡ ಮುಂಚಿತವಾಗಿ ಘೋಷಿಸಿದ ಮೇರೆಗೆ ಇರಬೇಕು. ವಿನಾಯಿತಿಗಳೂ ಇದ್ದವು. ಮದುವೆಯ ಸಾಮಾನು, ಹೆಣ್ಣಿನ ಜೊತೆ ಕಳುಹಿಸುವ ಉಡುಗೊರೆ, ಯಜ್ಞಕ್ಕೂ ದೇವರ ಪೂಜೆಗೂ ಬೇಕಾದುದು, ಹೆರಿಗೆಗೆ ಸಂಬಂಧಿಸಿದ ವಸ್ತು ಇವು ಸುಂಕವಿಲ್ಲದೆ ಹೋಗಬಹುದಾಗಿತ್ತು. ಸುಳ್ಳು ಹೇಳಿ ಈ ವಿನಾಯಿತಿ ಪಡೆದವನಿಗೆ ಮಾತ್ರ ಕಳ್ಳತನದ ಶಿಕ್ಷೆ. ಈ ಸಾಲುಗಳನ್ನು ಓದಿದಾಗ ನನಗೆ ಅತ್ತೆಯ ಚೀಲ ನೆನಪಾಯಿತು. ಬಾಣಂತಿಯ ಲೇಹ್ಯ, ಮಡಿಲಕ್ಕಿಯ ಕೊಬ್ಬರಿ ಎರಡೂ ಕೌಟಿಲ್ಯನ ಕಟ್ಟೆಯಲ್ಲಿ ತಡೆಯಿಲ್ಲದೆ ದಾಟುತ್ತಿದ್ದವು!

ಇನ್ನು ನಮ್ಮ ನಾಡಿಗೆ ಬರೋಣ. ವಿಷ್ಣುವರ್ಧನನು 1117ರಲ್ಲಿ ಬೇಲೂರಿನ ದೇವಾಲಯವನ್ನು ಪ್ರತಿಷ್ಠಾಪಿಸಿದ ಕಾಲಕ್ಕೆ ಬೇಲೂರು, ದೋರಸಮುದ್ರ, ಅರಸಿಯಕೆರೆಗಳ ನಡುವಣ ದಾರಿಗಳಲ್ಲಿ ಎತ್ತಿನ ಹೇರುಗಳು ಸಾಲುಸಾಲಾಗಿ ನಡೆಯುತ್ತಿದ್ದವು. ದೋರಸಮುದ್ರವೆಂದರೆ ಇಂದಿನ ಹಳೇಬೀಡು. ಹೆಜ್ಜುಂಕ, ವಡ್ಡರಾವುಳ ಮೊದಲಾದ ಸುಂಕಗಳ ಹೆಸರುಗಳು ಆ ಕಾಲದ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಸುಂಕದ ಹೆಗ್ಗಡೆಗಳೆಂಬ ಅಧಿಕಾರಿಗಳು ಅದನ್ನು ಎತ್ತುತ್ತಿದ್ದರು. ಎತ್ತಿನ ಹೇರಿಗೆ ಇಷ್ಟು, ತಲೆಹೊರೆಗೆ ಇಷ್ಟು ಎಂಬ ಭೇದ ಇಲ್ಲಿಯೂ ಇತ್ತು. ಸುಂಕದ ಒಂದು ಪಾಲನ್ನು ದೇವಾಲಯದ ನಂದಾದೀವಿಗೆಗೆ ದತ್ತಿಬಿಟ್ಟ ನಿದರ್ಶನಗಳು ನಮ್ಮ ಶಾಸನಗಳಲ್ಲಿ ಹೇರಳವಾಗಿವೆ. ಮುಖ್ಯವಾದ ಸಂಗತಿಯೇನೆಂದರೆ, ಈ ದರಗಳನ್ನು ಕಲ್ಲಿನ ಮೇಲೆ ಕೆತ್ತಿ ಎಲ್ಲರಿಗೂ ಕಾಣುವೆಡೆ ನಿಲ್ಲಿಸುತ್ತಿದ್ದರು. ದಾರಿಹೋಕನು ಕೊಡಬೇಕಾದುದೇನೆಂಬುದು ಸುಂಕದವನ ಬಾಯಿಮಾತಿಗೆ ಬಿಟ್ಟದ್ದಾಗಿರಲಿಲ್ಲ.

ಹೀಗೆ ಗಂಟನ್ನು ಬಿಚ್ಚಿ ನೋಡುವವರ ಕಣ್ಣು ತಪ್ಪಿಸಿ ಬಂದ ಒಂದು ಸಣ್ಣ ಗಂಟು ನಮ್ಮ ಸೀಮೆಯ ಬಾಳನ್ನೇ ಬದಲಾಯಿಸಿತೆಂಬ ಐತಿಹ್ಯವನ್ನು ಇಲ್ಲಿ ಹೇಳದಿರುವಂತಿಲ್ಲ. ಯೆಮನ್ನಿನ ಮೋಖಾ ಬಂದರಿನಿಂದ ಕಾಫಿ ಹೊರದೇಶಗಳಿಗೆ ಹೋಗುತ್ತಿದ್ದ ಕಾಲದಲ್ಲಿ ಮೊಳೆಯಬಲ್ಲ ಬೀಜವನ್ನು ಅಲ್ಲಿಯವರು ಹೊರಗೆ ಬಿಡುತ್ತಿರಲಿಲ್ಲವಂತೆ. ಹುರಿದೋ ಬೇಯಿಸಿಯೋ ಕಳುಹಿಸುತ್ತಿದ್ದರಂತೆ. ಹದಿನೇಳನೆಯ ಶತಮಾನದಲ್ಲಿ ಮಕ್ಕಾ ಯಾತ್ರೆ ಮುಗಿಸಿ ಹಿಂದಿರುಗುತ್ತಿದ್ದ ಬಾಬಾ ಬುಡನ್ ಏಳು ಹಸಿ ಬೀಜಗಳನ್ನು ಮೈಗೆ ಕಟ್ಟಿಕೊಂಡು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ನಮ್ಮ ಹಿರಿಯರು ಹೇಳುತ್ತಾರೆ. ಕಥೆಯ ವಿವರ ಹೇಗಾದರೂ ಇರಲಿ, ಅರೇಹಳ್ಳಿಯ ತೋಟಗಳೆಲ್ಲವೂ ಆ ಏಳು ಬೀಜಗಳ ವಂಶವೆಂದೇ ಅಲ್ಲಿನ ಜನ ನಂಬಿರುವರು. ಇದನ್ನು ಹೇಳಿ ನಾನು ಕಳ್ಳಸಾಗಣೆಯನ್ನು ಹೊಗಳುತ್ತಿಲ್ಲ. ಕಟ್ಟೆಯವನು ಆಗ ಕಾಯುತ್ತಿದ್ದುದೇನನ್ನು ಎಂಬುದನ್ನು ತೋರಿಸಬೇಕಾಗಿತ್ತು. ಅವನು ಕಾಯುತ್ತಿದ್ದುದು ಬೆಲೆಯನ್ನು. ಗಂಟಿನಲ್ಲಿರುವುದರ ಬೆಲೆಯೆಷ್ಟು, ಅದರಲ್ಲಿ ಅರಸನ ಪಾಲೆಷ್ಟು, ಅದು ಹೊರಗೆ ಹೋದರೆ ನಾಡಿಗೆ ನಷ್ಟವೆಷ್ಟು ಎಂಬುದೇ ಅವನ ಚಿಂತೆ.

ಈ ಚಿಂತೆ ಬಹುಕಾಲ ನಡೆಯಿತು. ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರಾಗಿದ್ದ ಕಾಲದಲ್ಲಿ, 1834ರಿಂದ 1861ರವರೆಗಿನ ಅವಧಿಯಲ್ಲಿ, 769 ಬಗೆಯ ಸಣ್ಣಪುಟ್ಟ ತೆರಿಗೆಗಳನ್ನು ತೆಗೆದುಹಾಕಿದರೆಂದರೆ ಅದಕ್ಕೆ ಮುಂಚೆ ಜನ ಎಷ್ಟು ಕಡೆ ಗಂಟು ಬಿಚ್ಚುತ್ತಿದ್ದಿರಬೇಕೆಂಬುದನ್ನು ಊಹಿಸಬಹುದು. 1942ರ ಕಾಫಿ ಕಾಯಿದೆಯ ಮೇರೆಗೆ ಬೆಳೆಗಾರನು ಮನೆಯ ಬಳಕೆಗೂ ಬಿತ್ತನೆಗೂ ಬಿಟ್ಟುಕೊಟ್ಟಷ್ಟನ್ನು ಉಳಿದು, ಬೆಳೆದುದೆಲ್ಲವನ್ನೂ ಕಾಫಿ ಮಂಡಲಿಯ ಸಂಗ್ರಹಕ್ಕೆ ಒಪ್ಪಿಸಬೇಕಾಗಿತ್ತು. ಈ ಕಟ್ಟು ಸಂಪೂರ್ಣವಾಗಿ ಸಡಿಲವಾದುದು 1996ರಲ್ಲಿ. ಊರ ಬಾಗಿಲಿನ ಆಕ್ಟ್ರಾಯ್ ಸುಂಕವನ್ನು ಕರ್ನಾಟಕ 1979ರಲ್ಲಿ ಕೈಬಿಟ್ಟಿತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ ರಾಜ್ಯಗಳ ಗಡಿಯಲ್ಲಿದ್ದ ಮಾರಾಟ ತೆರಿಗೆಯ ಕಟ್ಟೆಗಳೂ ತೆರವಾಗತೊಡಗಿದವು. ಬೆಲೆಯನ್ನು ಕೇಳುವ ಕಟ್ಟೆಗಳು ಹೀಗೆ ಒಂದೊಂದಾಗಿ ಮುಚ್ಚುತ್ತಿದ್ದ ಕಾಲದಲ್ಲಿಯೇ ಬೇರೊಂದು ಬಗೆಯ ಕಟ್ಟೆ ತಲೆಯೆತ್ತಿತು.

ಭಾರತದ ವಿಮಾನಯಾನ ಆರಂಭವಾದಾಗ ಅಂತಹ ಕಟ್ಟೆಯೇನೂ ಇರಲಿಲ್ಲ. 1932ರ ಅಕ್ಟೋಬರಿನಲ್ಲಿ ಟಾಟಾ ಸಂಸ್ಥೆಯ ಮೊದಲ ಅಂಚೆ ವಿಮಾನ ಕರಾಚಿಯಿಂದ ಮುಂಬಯಿಗೂ ಅಲ್ಲಿಂದ ನಮ್ಮ ಬಳ್ಳಾರಿಯ ಮೂಲಕ ಮದರಾಸಿಗೂ ಹಾರಿದಾಗ ಅದರಲ್ಲಿದ್ದುದು ಕಾಗದದ ಚೀಲಗಳು. ಆಮೇಲೆ ಪ್ರಯಾಣಿಕರು ಬಂದರು. ಆಗಲೂ ಚೀಲವನ್ನು ತೂಗುತ್ತಿದ್ದರೇ ಹೊರತು ಬಿಚ್ಚುತ್ತಿರಲಿಲ್ಲ. ತೂಕದ ಕಾರಣ ಸರಳವಾದುದು: ವಿಮಾನ ಭಾರವನ್ನು ತಾಳಬೇಕು. ಬಸ್ಸಿನಲ್ಲಿ ಕುಳಿತಂತೆ ಜನ ವಿಮಾನದಲ್ಲಿ ಕುಳಿತುಕೊಳ್ಳುತ್ತಿದ್ದರು.

ಆ ನೆಮ್ಮದಿ ಕದಡಿದುದು 1960ರ ದಶಕದ ಕೊನೆಯಲ್ಲಿ. ಅಮೆರಿಕ ಮತ್ತು ಪಶ್ಚಿಮ ಏಷ್ಯಗಳಲ್ಲಿ ವಿಮಾನಾಪಹರಣಗಳು ಒಂದರ ಮೇಲೊಂದು ನಡೆದವು. 1973ರ ಜನವರಿ 5ರಿಂದ ಅಮೆರಿಕದಲ್ಲಿ ಪ್ರತಿಯೊಬ್ಬ ಪ್ರಯಾಣಿಕನನ್ನೂ ಅವನ ಕೈಚೀಲವನ್ನೂ ಶೋಧಿಸುವುದು ಕಡ್ಡಾಯವಾಯಿತು. ನಮ್ಮಲ್ಲಿ 1971ರ ಜನವರಿ 30ರಂದು, ಶ್ರೀನಗರದಿಂದ ಜಮ್ಮುವಿಗೆ ಹೊರಟ ‘ಗಂಗಾ’ ಎಂಬ ಫೋಕರ್ ವಿಮಾನವನ್ನು ಇಬ್ಬರು ಲಾಹೋರಿಗೆ ಒಯ್ದರು. ವಿಮಾನವನ್ನು ಬಳಿಕ ಸುಟ್ಟುಹಾಕಲಾಯಿತು. ಅವರ ಕೈಯಲ್ಲಿದ್ದ ಪಿಸ್ತೂಲೂ ಕೈಬಾಂಬೂ ಹುಸಿಯಾದವು. 1978ರ ಡಿಸೆಂಬರಿನಲ್ಲಿ ಲಖ್ನೋದಿಂದ ದೆಹಲಿಗೆ ಹೋಗುತ್ತಿದ್ದ ವಿಮಾನವೊಂದನ್ನು ಇಬ್ಬರು ಆಟಿಕೆಯ ಆಯುಧಗಳನ್ನು ತೋರಿಸಿಯೇ ವಾರಾಣಸಿಗೆ ತಿರುಗಿಸಿದರು. ಮಗುವಿನ ಆಟದ ಪಿಸ್ತೂಲನ್ನು ಕೈಚೀಲದಲ್ಲಿ ಏಕೆ ಬಿಡುವುದಿಲ್ಲವೆಂದು ಕೇಳುವ ತಂದೆತಾಯಿಗಳಿಗೆ ಇಲ್ಲಿ ಉತ್ತರವಿದೆ.

1976ರ ಸೆಪ್ಟೆಂಬರ್ 10ರಂದು ಇಂಡಿಯನ್ ಏರ್‌ಲೈನ್ಸಿನ ಇನ್ನೊಂದು ವಿಮಾನ ಅಪಹರಣಕ್ಕೆ ತುತ್ತಾಯಿತು. ಅದರ ಬೆನ್ನಿಗೆ ನೇಮಕವಾದ ಪಾಂಡೆ ಸಮಿತಿಯ ಶಿಫಾರಸಿನಂತೆ 1978ರ ಜನವರಿಯಲ್ಲಿ ನಾಗರಿಕ ವಿಮಾನಯಾನದ ಭದ್ರತಾ ಘಟಕ ಹುಟ್ಟಿತು. 1987ರ ಏಪ್ರಿಲ್ 1ರಂದು ಅದು ಸ್ವತಂತ್ರ ಇಲಾಖೆಯಾಯಿತು. ಆ ಎರಡು ದಿನಾಂಕಗಳ ನಡುವೆ ಕನಿಷ್ಕದ ದುರಂತ ನಡೆದುಹೋಗಿತ್ತು. 1985ರ ಜೂನ್ 23ರಂದು ಕೆನಡದಿಂದ ಹೊರಟ ಏರ್ ಇಂಡಿಯ ವಿಮಾನ ಐರ್ಲೆಂಡಿನ ತೀರದಾಚೆ ಆಕಾಶದಲ್ಲಿಯೇ ಒಡೆದು 329 ಜನ ಸತ್ತರು. ಬಾಂಬು ಇದ್ದ ಪೆಟ್ಟಿಗೆ ವಿಮಾನವನ್ನು ಹತ್ತಿತ್ತು. ಪೆಟ್ಟಿಗೆಯ ಒಡೆಯ ಹತ್ತಿರಲಿಲ್ಲ. ಪ್ರಯಾಣಿಕ ಬಾರದಿದ್ದರೆ ಅವನ ಪೆಟ್ಟಿಗೆಯನ್ನೂ ಇಳಿಸಬೇಕೆಂಬ ನಿಯಮವನ್ನು ಇಂದು ಪಾಲಿಸುತ್ತಾರೆ. ವಿಮಾನ ಹೊರಡುವುದು ತಡವಾಯಿತೆಂದು ಗೊಣಗುವ ಮುನ್ನ ನಾವು ಆ 329 ಜನರನ್ನು ನೆನೆಯಬೇಕು.

ಅತ್ತೆಯನ್ನು ಕೇಳಿದ ಪ್ರಶ್ನೆಗೂ ಇಂತಹ ಒಂದು ಹಿನ್ನೆಲೆಯಿದೆ. 1986ರ ಏಪ್ರಿಲ್ 17ರಂದು ಲಂಡನ್ನಿನ ಹೀಥ್ರೋದಲ್ಲಿ ಇಸ್ರೇಲಿನ ವಿಮಾನ ಹತ್ತಲು ಬಂದ ಗರ್ಭಿಣಿಯೊಬ್ಬಳ ಕೈಚೀಲದಲ್ಲಿ ಸ್ಫೋಟಕ ಸಿಕ್ಕಿತು. ಅದು ತನ್ನ ಚೀಲದಲ್ಲಿದೆಯೆಂಬುದೇ ಅವಳಿಗೆ ತಿಳಿದಿರಲಿಲ್ಲ. ಅವಳನ್ನು ಮದುವೆಯಾಗುವೆನೆಂದು ನಂಬಿಸಿದವನು ಅದನ್ನು ಅಲ್ಲಿಟ್ಟಿದ್ದನು. “ಈ ಚೀಲ ತುಂಬಿದವರು ಯಾರು?” ಎಂಬ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಬೇರೆಯವರು ತುಂಬಿದ ಚೀಲವನ್ನು ಹೊತ್ತವರು ತಮಗೆ ತಿಳಿಯದೆಯೇ ಬೇರೊಬ್ಬರ ಕೈಯಾಗಬಹುದು. ಪ್ರೀತಿಯಿಂದ ತುಂಬಿದ ಚೀಲಕ್ಕೂ ಈ ಮಾತು ಸಲ್ಲುತ್ತದೆಂಬುದನ್ನು ನಾನು ಅಡಕತ್ತರಿಯ ಬೆಲೆ ತೆತ್ತು ಕಲಿತೆ.

ಮುಂದಿನ ಪುಟಗಳೂ ಹೀಗೆಯೇ. 1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ಹೊರಟ ವಿಮಾನವನ್ನು ಕಂದಹಾರಕ್ಕೆ ಒಯ್ದ ಮೇಲೆ, 2000ದ ಫೆಬ್ರವರಿಯಲ್ಲಿ ಜೈಪುರದಿಂದ ಮೊದಲ್ಗೊಂಡು ನಮ್ಮ ನಿಲ್ದಾಣಗಳ ಕಾವಲು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಕೈಗೆ ಬಂದಿತು. 2001ರ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿ ಸಣ್ಣ ಅಲಗುಗಳೇ ಸಾವಿರಾರು ಜನರ ಸಾವಿಗೆ ಸಾಧನವಾದವು. ಅಂದಿನಿಂದ ಹರಿತವಾದುದೆಲ್ಲವೂ ಸಂಶಯಕ್ಕೆ ಗುರಿಯಾಯಿತು. ಅಜ್ಜಿಯ ಅಡಕತ್ತರಿಯನ್ನು ತೆಗೆದುಕೊಂಡುದು ಆ ದಿನದ ನೆನಪು. ಅದೇ ವರ್ಷದ ಡಿಸೆಂಬರಿನಲ್ಲಿ ಒಬ್ಬನು ಬೂಟಿನಲ್ಲಿ ಸ್ಫೋಟಕವನ್ನಡಗಿಸಿ ವಿಮಾನ ಹತ್ತಿದನು. ಬೂಟನ್ನು ಕಳಚಿಸುವುದು ಬಂದಿತು. 2006ರ ಆಗಸ್ಟಿನಲ್ಲಿ ಪಾನೀಯದ ಸೀಸೆಗಳಲ್ಲಿ ದ್ರವಸ್ಫೋಟಕವನ್ನು ತುಂಬಿ ಅಟ್ಲಾಂಟಿಕ್ ದಾಟುವ ವಿಮಾನಗಳನ್ನು ನಾಶಮಾಡುವ ಸಂಚು ಲಂಡನ್ನಿನಲ್ಲಿ ಬಯಲಾಯಿತು. ದ್ರವವನ್ನು 100 ಮಿಲಿಲೀಟರಿಗಿಂತ ದೊಡ್ಡದಲ್ಲದ ಸೀಸೆಗಳಲ್ಲಿ, ಒಂದು ಲೀಟರಿನ ಪಾರದರ್ಶಕ ಚೀಲದೊಳಗೆ ಇಡಬೇಕೆಂಬ ನಿಯಮ ಅಂತಾರಾಷ್ಟ್ರೀಯ ಪ್ರಯಾಣಕ್ಕೆ ಬಂದಿತು. ತುಪ್ಪವೂ ಲೇಹ್ಯವೂ ಎಣ್ಣೆ ತೇಲುವ ಉಪ್ಪಿನಕಾಯಿಯೂ ಈ ದ್ರವದ ಲೆಕ್ಕಕ್ಕೇ ಸೇರುತ್ತವೆ.

ಸುಂಕದ ಕಟ್ಟೆಗೂ ಈ ಕಟ್ಟೆಗೂ ಇರುವ ಅಂತರ ಈಗ ಸ್ಪಷ್ಟವಾಗಿರಬೇಕು. ಹಳೆಯ ಕಟ್ಟೆಯವನು ಗಂಟಿನಲ್ಲಿರುವುದರ ಬೆಲೆಯನ್ನು ಕೇಳಿದನು. ಇಂದಿನವನು ಅದು ಏನು ಮಾಡಬಲ್ಲದೆಂದು ಕೇಳುತ್ತಾನೆ. ಆದುದರಿಂದಲೇ ಹಣ ಕೊಟ್ಟು ಇಲ್ಲಿ ಪಾರಾಗುವಂತಿಲ್ಲ. ಹಳೆಯ ಪಟ್ಟಿಯನ್ನು ಬರೆದುದು ಲೋಭ. ಹೊಸ ಪಟ್ಟಿಯನ್ನು ಬರೆದುದು ದುಃಖ. ಪಟ್ಟಿಯ ಬಹುಪಾಲು ಸಾಲುಗಳ ಹಿಂದೆ ಒಂದೊಂದು ದಿನಾಂಕವಿದೆ.

ಕೊಬ್ಬರಿಯ ಮಾತೊಂದು ಉಳಿಯಿತು. ಅರಸೀಕೆರೆ, ತಿಪಟೂರುಗಳ ಕಡೆಯ ಶ್ರೋತೃಗಳಿಗೆ ಇದು ಆಶ್ಚರ್ಯವೆನಿಸಬಹುದು. ಕೊಬ್ಬರಿಯ ಹಿಂದೆ ಯಾವ ಅಪಹರಣವೂ ಇಲ್ಲ; ಅದರ ದೋಷ ಅದರ ಎಣ್ಣೆಯಲ್ಲಿಯೇ ಇದೆ. ರಾಶಿಹಾಕಿದ ಕೊಬ್ಬರಿ ಗಾಳಿಯ ಆಮ್ಲಜನಕದೊಡನೆ ಬೆರೆತು ತನ್ನಷ್ಟಕ್ಕೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಅದಕ್ಕೆ 1363 ಎಂಬ ಸಂಖ್ಯೆಯಿದೆ. ತಾನಾಗಿ ಹೊತ್ತಿಕೊಳ್ಳುವ ವಸ್ತುಗಳ ವರ್ಗಕ್ಕೆ ಅದು ಸೇರಿದೆ. ಮಡಿಲು ತುಂಬುವ ಮಂಗಳವಸ್ತು ವಿಮಾನಕ್ಕೆ ಇಂಧನವಾಗಿ ಕಾಣುತ್ತದೆ. ಅದು ಕೈಚೀಲಕ್ಕೂ ಸಲ್ಲದು, ಪೆಟ್ಟಿಗೆಗೂ ಸಲ್ಲದು.

ಹಾಗೆಂದು ಹೊಸ ಕಟ್ಟೆಯಲ್ಲಿ ವಿನಾಯಿತಿಯೇ ಇಲ್ಲವೆನ್ನಲಾಗದು. ದೇಶದೊಳಗಣ ವಿಮಾನಗಳಲ್ಲಿ ಸಿಖ್ಖರು ಆರು ಅಂಗುಲಕ್ಕೆ ಮೀರದ ಅಲಗಿನ ಕಿರ್ಪಾಣವನ್ನು ಧರಿಸಬಹುದು. ಶಬರಿಮಲೆಯ ಯಾತ್ರಿಕರು ಇರುಮುಡಿಯ ತೆಂಗಿನಕಾಯಿಯನ್ನು ಕೈಯಲ್ಲಿಯೇ ಒಯ್ಯಲು 2024ರ ಅಕ್ಟೋಬರಿನಲ್ಲಿ ಅನುಮತಿ ದೊರೆಯಿತು. ಅದು 2025ರ ಜನವರಿ 20ರವರೆಗಿನ ಯಾತ್ರಾಕಾಲಕ್ಕೆ ಸೀಮಿತವಾಗಿತ್ತು. ದೇವರ ಪೂಜೆಯ ವಸ್ತುವಿಗೆ ದಾರಿಬಿಟ್ಟ ಕೌಟಿಲ್ಯನ ವಿವೇಕ ಎರಡು ಸಾವಿರ ವರ್ಷಗಳ ಮೇಲೆ ಮತ್ತೆ ತಲೆದೋರಿತೆನ್ನಬಹುದು. ಕೈಗೂಸಿನ ಹಾಲು, ರೋಗಿಯ ಔಷಧ ಇವುಗಳಿಗೂ ದಾರಿಯಿದೆ. ವೈದ್ಯರ ಚೀಟಿ ಜೊತೆಗಿರುವುದು ಒಳ್ಳೆಯದು.

ಇಷ್ಟು ತಿಳಿದ ಮೇಲೆ ಕೈಚೀಲವನ್ನು ತುಂಬುವುದು ಕಷ್ಟವಲ್ಲ. ತಪಾಸಣೆಯ ಯಂತ್ರ ಏನನ್ನು ಕಾಣುತ್ತದೆಂಬುದನ್ನು ಅರಿತರೆ ಸಾಕು. ಅದರ ಕ್ಷ-ಕಿರಣಗಳು ಚೀಲವನ್ನು ತೂರಿಹೋಗಿ ಪರದೆಯ ಮೇಲೆ ಬಣ್ಣದ ಚಿತ್ರವನ್ನು ಬರೆಯುತ್ತವೆ. ಲೋಹ ನೀಲಿಯಾಗಿಯೂ ಸಾವಯವ ವಸ್ತುಗಳು ಕಿತ್ತಳೆಯಾಗಿಯೂ ಎರಡರ ನಡುವಣವು ಹಸುರಾಗಿಯೂ ಕಾಣುತ್ತವೆ. ಅನ್ನ, ಬಟ್ಟೆ, ಪುಸ್ತಕ, ಕಾಫಿಪುಡಿ, ಲೇಹ್ಯ, ಸ್ಫೋಟಕ ಇವೆಲ್ಲವೂ ಆ ಯಂತ್ರಕ್ಕೆ ಕಿತ್ತಳೆಯ ಬಣ್ಣವೇ. ಒಂದರ ಮೇಲೊಂದು ಒತ್ತಾಗಿ ಬಿದ್ದರೆ ಚಿತ್ರ ಕಪ್ಪಾಗುತ್ತದೆ. ಕಪ್ಪಾದ ಕಡೆ ಕಾವಲುಗಾರನು ಚೀಲವನ್ನು ಬಿಚ್ಚಿಸಲೇಬೇಕು. ಆದುದರಿಂದ ಚೀಲವನ್ನು ತುರುಕಬಾರದು, ಪದರಪದರವಾಗಿ ಜೋಡಿಸಬೇಕು. ಮಡಿಲಗಣಕವನ್ನು ಎಲ್ಲಕ್ಕಿಂತ ಮೇಲಿಟ್ಟರೆ ಅದನ್ನು ಬೇರೆ ತಟ್ಟೆಯಲ್ಲಿ ಇಡುವುದು ಸುಲಭ. ತಂತಿಗಳನ್ನು ಸುತ್ತಿ ಒಂದು ಸಣ್ಣ ಚೀಲದಲ್ಲಿಡಬೇಕು. ಬೀಗದ ಕೈ, ನಾಣ್ಯ, ಸೊಂಟಪಟ್ಟಿ, ಗಡಿಯಾರ ಇವನ್ನು ಸರದಿಯಲ್ಲಿ ನಿಂತಾಗಲೇ ಚೀಲಕ್ಕೆ ಸೇರಿಸಿದರೆ ಹಿಂದಿನವರಿಗೂ ಉಪಕಾರ. ನೀರಿನ ಸೀಸೆಯನ್ನು ಬರಿದುಮಾಡಿ ಒಯ್ದು ಆಚೆ ತುಂಬಿಕೊಳ್ಳಬೇಕು.

ದೂರವಾಣಿಗೆ ವಿದ್ಯುತ್ತು ತುಂಬುವ ಪವರ್ ಬ್ಯಾಂಕ್ ಒಂದು ವಿಶೇಷ. ಇದು ಪೆಟ್ಟಿಗೆಗೆ ಹೋಗಬಾರದು, ಕೈಚೀಲದಲ್ಲಿಯೇ ಇರಬೇಕು. ಅದರೊಳಗಣ ಲಿಥಿಯಂ ಕೋಶ ಹೊತ್ತಿಕೊಂಡರೆ ಜನರ ನಡುವೆ ಯಾರಾದರೂ ಕಂಡು ಆರಿಸಬಲ್ಲರು. ವಿಮಾನದ ಹೊಟ್ಟೆಯಲ್ಲಿ ಕಾಣುವವರು ಯಾರು? 100 ವಾಟ್-ಗಂಟೆಯ ಒಳಗಿನದಕ್ಕೆ ಸಾಮಾನ್ಯವಾಗಿ ವಿಶೇಷ ಒಪ್ಪಿಗೆ ಬೇಕಾಗುವುದಿಲ್ಲ. 20,000 ಮಿಲಿಆಂಪಿಯರ್-ಗಂಟೆಯದು ಸುಮಾರು 74 ವಾಟ್-ಗಂಟೆಯಾಗುತ್ತದೆ. ಕಾಫಿಪುಡಿಯನ್ನು ಒಯ್ಯುವವರು ಇನ್ನೊಂದನ್ನು ನೆನಪಿಡಬೇಕು. 2018ರ ಜೂನ್ 30ರಿಂದ ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 350 ಮಿಲಿಲೀಟರಿಗಿಂತ ಹೆಚ್ಚಿನ ಪುಡಿಯನ್ನು ಕೈಯಲ್ಲಿ ಒಯ್ದರೆ ಹೆಚ್ಚಿನ ಪರೀಕ್ಷೆಯಾಗಬಹುದು. ಪುಡಿಯನ್ನು ಪೆಟ್ಟಿಗೆಗೆ ಹಾಕುವುದೇ ಮೇಲು. ನಮ್ಮ ದೇಶದಲ್ಲಿ ಸಾಮಾನ್ಯ ದರ್ಜೆಯವರಿಗೆ 7 ಕಿಲೋ ತೂಕದ ಒಂದೇ ಕೈಚೀಲವೆಂಬುದು ರೂಢಿಯಾದ ಮಿತಿ. ನಿಯಮಗಳು ಬದಲಾಗುತ್ತಿರುತ್ತವೆ, ಚೀಲದ ಒಳಭಾಗವನ್ನು ಪದರಪದರವಾಗಿ ತೋರಿಸುವ ಹೊಸ ಯಂತ್ರಗಳು ಬಂದ ಮೇಲೆ ಬ್ರಿಟನ್ನಿನ ಕೆಲವು ನಿಲ್ದಾಣಗಳು ದ್ರವದ ಮಿತಿಯನ್ನು ಸಡಿಲಿಸಿವೆ. ಹೊರಡುವ ಹಿಂದಿನ ದಿನ ವಿಮಾನ ಸಂಸ್ಥೆಯವರನ್ನು ಒಮ್ಮೆ ಕೇಳುವುದರಿಂದ ಯಾರ ಗೌರವವೂ ಕುಂದುವುದಿಲ್ಲ.

ಇಷ್ಟಾದರೂ ಒಂದು ಮಾತು ಉಳಿಯುತ್ತದೆ. ಹೊಯ್ಸಳರ ಕಾಲದಲ್ಲಿ ಸುಂಕದ ದರ ಕಲ್ಲಿನ ಮೇಲಿತ್ತು. ಇಂದಿನ ಪಟ್ಟಿಯೂ ನಿಲ್ದಾಣದ ಗೋಡೆಯ ಮೇಲಿದೆ, ಟಿಕೀಟಿನ ಜೊತೆಗೂ ಇದೆ. ಆದರೆ ಮನೆಯಿಂದ ಚೀಲ ತುಂಬಿ ಹೊರಟಾದ ಮೇಲೆ ಗೋಡೆಯ ಪಟ್ಟಿಯಿಂದ ಏನು ಪ್ರಯೋಜನ? ಹಳ್ಳಿಯಿಂದ ಮೊದಲ ಬಾರಿ ಹೊರಟ ತಾಯಂದಿರಿಗೆ ಅದನ್ನು ಅವರ ಮಾತಿನಲ್ಲಿ, ಅವರ ಅಡುಗೆಮನೆಯಲ್ಲಿಯೇ, ಓದಿ ಹೇಳಬೇಕಾದವರು ನಾವು, ಅಕ್ಷರ ಬಲ್ಲವರು. ಶಾಮಶಾಸ್ತ್ರಿಗಳು ಯಾರಿಗೂ ತಿಳಿಯದಿದ್ದ ಪಟ್ಟಿಯೊಂದನ್ನು ತಾಳೆಗರಿಯಿಂದ ಬಿಡಿಸಿ ಲೋಕಕ್ಕೆ ಓದಿ ಹೇಳಿದರು. ಎಲ್ಲರ ಕಣ್ಣೆದುರಿನಲ್ಲೇ ಇದ್ದ ಪಟ್ಟಿಯನ್ನು ನನ್ನ ಸೋದರತ್ತೆಗೆ ಓದಿ ಹೇಳಲು ನನ್ನಿಂದ ಆಗಲಿಲ್ಲ.

ಆ ಮೇಲೆ ಅತ್ತೆ ಬೇಲೂರಿನ ಸಂತೆಯಲ್ಲಿ ಬೇರೊಂದು ಅಡಕತ್ತರಿಯನ್ನು ಕೊಂಡರು. ಅದು ಚೆನ್ನಾಗಿಯೇ ಕತ್ತರಿಸುತ್ತದೆ. ಹಿಡಿ ಮಾತ್ರ ಕೈಗೆ ಒಗ್ಗಿಲ್ಲವೆನ್ನುತ್ತಾರೆ. ಈಗ ಅರೇಹಳ್ಳಿಯ ಅವರ ಬೀದಿಯಲ್ಲಿ ಯಾರ ಮನೆಯವರು ವಿಮಾನ ಹತ್ತುವುದಿದ್ದರೂ ಹಿಂದಿನ ಸಂಜೆ ಅತ್ತೆ ಅಲ್ಲಿಗೆ ಹೋಗಿ ಜಗಲಿಯ ಮೇಲೆ ಕುಳಿತುಕೊಳ್ಳುತ್ತಾರೆ. “ಎಲ್ಲಿ, ಗಂಟಿನಲ್ಲೇನಿದೆ, ಬಿಚ್ಚಿ ನೋಡೋಣ” ಎನ್ನುತ್ತಾರೆ. ತುಪ್ಪ ಪೆಟ್ಟಿಗೆಗೆ ಹೋಗುತ್ತದೆ, ಕತ್ತರಿ ಪೆಟ್ಟಿಗೆಗೆ ಹೋಗುತ್ತದೆ, ಕೊಬ್ಬರಿ ಮನೆಯಲ್ಲಿಯೇ ಉಳಿಯುತ್ತದೆ. ಆ ಬೀದಿಯ ಜನರಂತೂ ಈ ಸುಂಕದ ಕಟ್ಟೆಯ ಮುಂದೆ ತಮ್ಮ ಸುಖದುಃಖಗಳನ್ನೆಲ್ಲ ಹೇಳಿಕೊಳ್ಳುತ್ತಾರೆ.